ಎಂಟು ದಿನದ ಶಾರದಾಬಾಯಿ

ಗುಲ್ಬರ್ಗಾದಿಂದ ರೈಲು. ಮುಂಬಯಿಯಿಂದ ವಿಮಾನ. ಲುಸಾಕಾದಿಂದ ಒಂದು ಹಗಲು ಒಂದು ರಾತ್ರಿ ಬಸ್ಸು. ಇಷ್ಟು ದೂರ ಬಂದು ಇಳಿದ ಮೇಲೆ ಸಾಬವ್ವನ ಕಿವಿಗೆ ಬಿದ್ದ ಮೊದಲ ಕನ್ನಡ ಮಾತು ಇದು:

"ನಿಮ್ಮದು ಯಾವ ಪೈಕಿರಿ?"

ಕೇಳಿದವನು ದೌಲತರಾಯಗೌಡ. ಜೇವರ್ಗಿ ಕಡೆಯವನು. ಜಾಂಬಿಯಾ ದೇಶದ ಕಸಾಮಾ ಎಂಬ ಈ ಊರಿನ ಸರಕಾರಿ ಶಾಲೆಯಲ್ಲಿ ಆರು ವರ್ಷದಿಂದ ಮಾಸ್ತರನಾಗಿದ್ದ. ಸಾಬವ್ವನ ಗಂಡ ಅಂಬಾರಾಯ ಅದೇ ಶಾಲೆಗೆ ಗಣಿತ ಕಲಿಸಲು ಮೂರು ವರ್ಷದ ಕರಾರಿನ ಮೇಲೆ ಬಂದಿದ್ದ. ಅದು ೧೯೮೪ರ ಜೂನ್ ತಿಂಗಳು. ಆಳಂದ ಕಡೆಯ ನಮ್ಮ ಜಿಲ್ಲೆಯವರು ಬರುತ್ತಾರೆಂದು ಗೌಡ ತಾನೇ ಬಸ್ ನಿಲ್ದಾಣಕ್ಕೆ ಬಂದು, ಟ್ರಂಕಿಗೆ ಕೈ ಹಚ್ಚಿ, ನಗುನಗುತ್ತಲೇ ಆ ಮಾತು ಕೇಳಿದ.

ಟ್ರಂಕು ಇಳಿಸುತ್ತಿದ್ದ ಅಂಬಾರಾಯ ಹಾಗೇ ನಿಂತ. ಸಾಬವ್ವ ಗಂಡನ ಬೆನ್ನು ನೋಡಿದಳು. ಆ ಬೆನ್ನು ಬಿಗಿಯುವುದು ಅವಳಿಗೆ ಗೊತ್ತಿತ್ತು. ಅಫಜಲಪುರದ ಹೈಸ್ಕೂಲಿಗೆ ನೌಕರಿಯಾಗಿ ಬಾಡಿಗೆ ಮನೆ ಹುಡುಕಲು ಹೋದಾಗ ಹನ್ನೊಂದು ಬಾಗಿಲಲ್ಲಿ ಅದು ಹೀಗೇ ಬಿಗಿದಿತ್ತು. ಹನ್ನೊಂದು ಬಾಗಿಲಲ್ಲೂ ಇದೇ ಪ್ರಶ್ನೆ. ಹನ್ನೊಂದು ಬಾಗಿಲಲ್ಲೂ ಅಂಬಾರಾಯ ನಿಜ ಹೇಳಿದ್ದ. ಕೊನೆಗೆ ಖಾಸೀಂಬಿ ಎಂಬ ಮುದುಕಿ ತನ್ನ ಹಿತ್ತಲಿನ ಕೋಣೆ ಕೊಟ್ಟಳು. ಬಿ.ಎಸ್ಸಿ., ಬಿ.ಎಡ್. ಮುಗಿಸಿದ ಮಾಸ್ತರ ಏಳು ವರ್ಷ ಆಡು ಕಟ್ಟುವ ಗೋಡೆಗೆ ತಲೆ ಕೊಟ್ಟು ಮಲಗಿದ್ದ.

"ನಾವೂ ಶರಣರ ಪೈಕಿನೇರಿ ಗೌಡ್ರ," ಅಂದ ಅಂಬಾರಾಯ.

"ಹಾಂ, ಆಳಂದ ಕಡೀ ಲಿಂಗಾಯತ್ರು ಅನ್ರಿ. ಜಿಡಗಾ ಮಠದ ಭಕ್ತ್ರು ಇರಬೇಕು. ಭಾಳ ಚಲೋ ಆತು. ಇವ್ರು?"

"ನನ್ನ ಮನಿಯಾಕಿರಿ. ಶಾರದಾಬಾಯಿ."

ಸಾಬವ್ವ ತಲೆ ಎತ್ತಿದಳು. ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಶಾಲೆಯ ಹಿಂದೆ ಭಾರತದ ಮಾಸ್ತರರಿಗೆಂದು ನಾಲ್ಕು ಮನೆ. ಮೂರರಲ್ಲಿ ಮಂದಿ ಇದ್ದರು. ನಾಲ್ಕನೆಯದು ಅಂಬಾರಾಯನದು, ಅದಕ್ಕೆ ಬಾಗಿಲಿರಲಿಲ್ಲ, ಮೇಲಿನ ಮೂರು ತಗಡು ಗಾಳಿಗೆ ಹಾರಿ ಹೋಗಿದ್ದವು. ಸರಕಾರದವರು ಸರಿ ಮಾಡಿಸಿ ಕೊಡುವ ತನಕ ನಮ್ಮ ಮನೆಯಲ್ಲೇ ಇರಿ ಎಂದ ಗೌಡ. ಅವನ ಹೆಂಡತಿ ಹೀರಾಬಾಯಿ ಬಿಸಿನೀರು ಕಾಸಿ ಇಟ್ಟಿದ್ದಳು. ಜೂನ್ ಅಂದರೆ ಅಲ್ಲಿ ಚಳಿಗಾಲ. ಸಾಬವ್ವನ ಏಳು ವರ್ಷದ ಮಗಳು ಸುಜಾತಾ ಗಡಗಡ ನಡುಗುತ್ತಿದ್ದಳು. ಹೀರಾಬಾಯಿ ತನ್ನ ಶಾಲು ತೆಗೆದು ಹುಡುಗಿಗೆ ಹೊದಿಸಿದಳು. ಆರು ವರ್ಷದಿಂದ ನಮ್ಮ ಗುಲ್ಬರ್ಗಾ ಕಡೆಯ ಒಂದು ಹೆಣ್ಣು ಜೀವ ಕಂಡಿಲ್ಲ ಎಂದು ಕಣ್ಣೀರು ತಂದುಕೊಂಡಳು. ಅದು ನಾಟಕವಲ್ಲ. ಖರೇನೇ ಅತ್ತಳು.

ಪಡಸಾಲೆಯಲ್ಲಿ ಬಸವಣ್ಣನ ಪಟ. ಪಟಕ್ಕೆ ಹೂವು. ಜಾತಿಯೇ ಇಲ್ಲವೆಂದ ಅಣ್ಣನ ಕೆಳಗೆ ಕೂತು ಗೌಡ ಮತ್ತೊಮ್ಮೆ ಕೇಳಿದ, "ಪಂಚಮಸಾಲಿ ಏನು ನೀವು?" ಅಂಬಾರಾಯ ಹೂಂಗುಟ್ಟಿದ.

ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ತಮಗೆ ಕೊಟ್ಟ ಕೋಣೆಯಲ್ಲಿ ಸಾಬವ್ವ ಕೇಳಿದಳು:

"ಯಾರ್ರಿ ಶಾರದಾಬಾಯಿ?"

"ಮೆಲ್ಲಕ ಮಾತಾಡು."

"ನನ್ನ ಹೆಸ್ರು ನಮ್ಮವ್ವ ಇಟ್ಟಾಳ. ದರ್ಗಾಕ ಹರಕಿ ಹೊತ್ತು ಹಡದು ಇಟ್ಟಾಳ."

"ಆ ಹೆಸ್ರು ಕೇಳಿದ್ರ ಓಣಿ ಯಾವುದು ಅಂತ ಕೇಳ್ತಾರ. ಓಣಿ ಹೇಳಿದ್ರ ಮುಗೀತು." ಅಂಬಾರಾಯ ಟ್ರಂಕನ್ನು ಮಂಚದ ಕೆಳಗೆ ನೂಕಿದ. ಅದರಲ್ಲಿ ಸೀರೆಗಳ ನಡುವೆ ಬಾಬಾಸಾಹೇಬರ ಪಟವಿತ್ತು. "ಮೂರು ವರ್ಷ. ಮೂರೇ ವರ್ಷ ಮನುಷ್ಯಾರಂಗ ಇರೋಣು. ಈ ದೇಶದ ಮಂದಿಗಿ ನಾವು ಯಾರಂತ ಗೊತ್ತಿಲ್ಲ. ನಮ್ಮ ಮಂದಿಗಿ ನಾವೇ ಯಾಕ ಹೇಳಬೇಕು?"

"ಮನುಷ್ಯಾರಂಗ ಇರಾಕ ಸುಳ್ಳು ಹೇಳಬೇಕಾ?"

"ಖರೇ ಹೇಳಿ ನೋಡೀನಲ್ಲ."

ಸಾಬವ್ವ ಸೆರಗು ಮೂಸಿ ನೋಡಿದಳು. ಖಾಸೀಂಬಿಯ ಆಡುಗಳ ವಾಸನೆ ಇನ್ನೂ ಅವಳ ಸೀರೆಯಲ್ಲಿತ್ತು.

ಮರುದಿನ ಬೆಳಗ್ಗೆ ದೌಲತರಾಯ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದ. ಸುಜಾತಾ ಹಾಸಿಗೆಯಿಂದ ಎದ್ದು ಬಂದವಳೇ ಕೇರಿಯಲ್ಲಿ ಹಿರಿಯರಿಗೆ ಅನ್ನುವ ಹಾಗೆ "ಜೈ ಭೀಮ್ ಕಾಕಾ" ಅಂದಳು. ಗೌಡನ ಹುಬ್ಬು ಮೇಲೇರಿತು.

ಅಂಬಾರಾಯ ನಕ್ಕ. "ನಮ್ಮ ಮಾವನವ್ರ ಊರು ಭೀಮಾ ಹೊಳಿ ದಂಡಿ ಕಡೀದಲ್ರಿ. ಅಲ್ಲಿ ಹುಡುಗ್ರು ಹೊಳಿಗಿ ಜೈ ಅಂತಾವ."

"ಆಹಾ, ನಮ್ಮ ಭೀಮಾ," ಅಂದ ಗೌಡ. ಅವನಿಗೆ ಊರ ಹೊಳೆ ನೆನಪಾಗಿ ಸಂತೋಷವಾಯಿತು. "ಜೈ ಭೀಮಾ, ಮಗಾ."

ಅಂಬಾರಾಯ ಹೊರಗೆ ಹೋಗಿ ಗೋಡೆ ಹಿಡಿದು ನಿಂತದ್ದನ್ನು ಸಾಬವ್ವ ಅಡುಗೆಮನೆಯ ಕಿಟಕಿಯಿಂದ ಕಂಡಳು. ಅವನ ಭುಜ ಅಲುಗುತ್ತಿತ್ತು. ಅದು ನಗುವೋ ಅಳುವೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ಅವನು ಮಗಳನ್ನು ಕರೆದು, ಇನ್ನು ಮೇಲೆ ನಮಸ್ಕಾರ ಅನ್ನಬೇಕೆಂದು ಹೇಳಿಕೊಟ್ಟ. ಸುಜಾತಾ ಯಾಕೆಂದು ಕೇಳಿದಳು. ಇದು ಬೇರೆ ದೇಶ ಎಂದ.

ಅದೇ ದಿನ ತಲೆಗೆ ನೀರು ಹಾಕಿಕೊಂಡು ಬಂದ ಸಾಬವ್ವನ ಕೊರಳನ್ನು ಹೀರಾಬಾಯಿ ನೋಡಿದಳು.

"ಲಿಂಗ ಎಲ್ಲದ ಬೇ?"

ಸಾಬವ್ವ ಸೆರಗನ್ನು ಕೊರಳಿಗೆ ಎಳೆದುಕೊಂಡಳು. ಪಡಸಾಲೆಯಿಂದ ಅಂಬಾರಾಯನೇ ಹೇಳಿದ, "ಮುಂಬೈ ಟೇಸನ್‌ದಾಗ ದಾರ ಹರದು ಕಳದೋತ್ರಿ ಅಕ್ಕಾರ."

ಹೀರಾಬಾಯಿ ಒಳಗೆ ಹೋಗಿ ತನ್ನ ಅತ್ತೆಯದೊಂದು ಲಿಂಗದ ಕರಡಿಗೆ ತಂದಳು. "ಊರಿಗಿ ಹೋದಾಗ ಸ್ವಾಮಿಗೋಳ ಕೈಲೆ ಕಟ್ಟಿಸ್ಕೊ. ಅಲ್ಲೀತನಕಾ ಇದು ಇರಲಿ. ಖಾಲಿ ಕೊರಳಾಗ ಇರಬಾರ್ದು ತಂಗಿ." ತನ್ನ ಕೈಯಿಂದಲೇ ದಾರ ಕಟ್ಟಿದಳು. ಹಿಂದೆ ಯಾವ ಗೌಡರ ಹೆಣ್ಣುಮಗಳ ಬೆರಳೂ ಸಾಬವ್ವನ ಕುತ್ತಿಗೆ ಮುಟ್ಟಿರಲಿಲ್ಲ. ಆ ಬೆರಳು ಬೆಚ್ಚಗಿದ್ದವು.

ಹೀರಾಬಾಯಿಯ ಮನೆಯಲ್ಲಿ ನೆಲ ಒರೆಸಲು, ಬಟ್ಟೆ ಒಗೆಯಲು ಅಲ್ಲಿಯವಳೇ ಒಬ್ಬ ಹೆಂಗಸು ಬರುತ್ತಿದ್ದಳು. ಬೆನ್ನಿಗೆ ಕೂಸು ಕಟ್ಟಿಕೊಂಡೇ ದುಡಿಯುತ್ತಿದ್ದಳು. ಹೆಸರು ಚಂದಾ. ದೇಶ ಬೇರೆಯಾದರೂ ಹೆಸರು ನಮ್ಮದೇ ಎಂದು ಸಾಬವ್ವನಿಗೆ ನಗು ಬಂತು. ಹನ್ನೊಂದು ಗಂಟೆಗೆ ಹೀರಾಬಾಯಿ ಅವಳಿಗೆ ಚಹಾ ಕೊಟ್ಟಳು. ಹಿತ್ತಲ ಗೋಡೆಯ ಮೇಲೆ ಒಂದು ತಗಡಿನ ಡಬ್ಬಿ ಬೋರಲು ಹಾಕಿತ್ತು. ಚಂದಾ ಅದನ್ನು ತಾನೇ ತೆಗೆದು, ತೊಳೆದು, ಮೆಟ್ಟಿಲ ಕೆಳಗೆ ಇಟ್ಟು ದೂರ ಸರಿದಳು. ಹೀರಾಬಾಯಿ ಮೇಲಿನಿಂದ ಚಹಾ ಸುರಿದಳು.

ಸಾಬವ್ವನ ನಗು ಅಲ್ಲೇ ನಿಂತಿತು.

"ಎಷ್ಟು ಕಲಿಸಬೇಕಾತು ಗೊತ್ತೇನು ಇಕಿಗಿ," ಅಂದಳು ಹೀರಾಬಾಯಿ. "ಮೊದ್ಲ ಸೀದಾ ಅಡಗೀ ಮನಿಗೇ ಬರ್ತಿದ್ಳು. ಇವ್ರಿಗಿ ಏನೂ ಗೊತ್ತಿಲ್ಲ. ಈಗ ಬರೋಬ್ಬರ ಆಗ್ಯಾಳ."

ಮೂರನೇ ದಿನ ಚಂದಾಳ ಜೊತೆ ಸಾಬವ್ವ ಸಂತೆಗೆ ಹೋದಳು. ಅಲ್ಲಿ ನೆಲದ ಮೇಲೆ ಬಟ್ಟೆ ಹಾಸಿ ಬಿಳಿಜೋಳ ಗುಡ್ಡೆ ಹಾಕಿದ್ದರು. ಆ ಮಂದಿ ಅದರಿಂದ ಕುಡಿಯುವ ಸೆರೆ ಮಾಡುತ್ತಾರಂತೆ. ಸಾಬವ್ವ ಮುಷ್ಟಿ ತುಂಬಿಕೊಂಡು ಮೂಸಿದಳು. ಜೋಳ ಜೋಳವೇ. ಕೊಂಡು ತಂದು, ಗಿರಣಿಗೆ ಹಾಕಿಸಿ, ಬಿಸಿನೀರಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿದಳು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ದೌಲತರಾಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಆರು ವರ್ಷದ ಮೇಲೆ ಈ ವಾಸನೆ ಎಂದ. ಆ ದಿನ ಅವನು ಏಳು ರೊಟ್ಟಿ ತಿಂದ.

"ನಿನ್ನ ಕೈ ಬಂಗಾರ ಬೇ ಶಾರದಾ," ಅಂದಳು ಹೀರಾಬಾಯಿ.

ಮರುದಿನ ಇಪ್ಪತ್ತು ರೊಟ್ಟಿ ಆದವು. ಅದರ ಮರುದಿನ ಪಕ್ಕದ ಮನೆಯ ಸೊಲ್ಲಾಪುರದವರಿಗೂ, ಆಚೆ ಮನೆಯ ಬೀದರದವರಿಗೂ ಸೇರಿ ನಲವತ್ತು. ಹೀರಾಬಾಯಿಗೆ ಸೊಂಟ ನೋವು. ಅವಳು ಸ್ಟೂಲಿನ ಮೇಲೆ ಕೂತು ಊರ ಸುದ್ದಿ ಹೇಳುತ್ತಿದ್ದಳು. ಸಾಬವ್ವ ನೆಲದ ಮೇಲೆ ಕೂತು ಬಡಿಯುತ್ತಿದ್ದಳು. ಅಂಗೈ ಕೆಂಪಾಯಿತು. ಮೊಣಕೈ ಸೇದಿತು. ರೊಟ್ಟಿಯಾದ ಮೇಲೆ ಪಲ್ಯ, ಪಲ್ಯವಾದ ಮೇಲೆ ಪಾತ್ರೆ. ಹೊಲಗೇರಿಯ ಸಾಬವ್ವ ದುಡಿದಷ್ಟೇ ಲಿಂಗಾಯತರ ಶಾರದಾಬಾಯಿಯೂ ದುಡಿದಳು. ಜಾತಿ ಬದಲಾಯಿತು. ಕೆಲಸ ಬದಲಾಗಲಿಲ್ಲ.

ಆದರೂ ಒಂದು ಮಾತು ಹೇಳಬೇಕು. ಗೌಡರ ಮನೆಯ ಹಿಟ್ಟಿನ ಡಬ್ಬಿಯೊಳಗೆ ಕೈ ಇಳಿಸುವಾಗ ಸಾಬವ್ವನಿಗೆ ಹಿತವೆನಿಸುತ್ತಿತ್ತು. ಹೀರಾಬಾಯಿ ಸುಜಾತಾಳನ್ನು ಕಾಲ ನಡುವೆ ಕೂರಿಸಿಕೊಂಡು ತಲೆಗೆ ಎಣ್ಣೆ ಒತ್ತುವಾಗ, ಎರಡು ಜಡೆ ಹಾಕುವಾಗ, ಹಿತವೆನಿಸುತ್ತಿತ್ತು. ಆ ಹಿತಕ್ಕೇ ಅವಳಿಗೆ ನಾಚಿಕೆಯಾಗುತ್ತಿತ್ತು. ಕೊರಳ ದಾರ ಬೆವರಿಗೆ ಕಡಿಯುತ್ತಿತ್ತು. ಅಂಬಾರಾಯನ ಮುಖದಲ್ಲಿ ಮಾತ್ರ ಕಳೆ ಬಂದಿತ್ತು. ಗೌಡನ ಜೊತೆ ಒಂದೇ ಸೋಫಾದ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಕಾಲ ಮೇಲೆ ಕಾಲು ಹಾಕುವುದನ್ನು ಐದನೇ ದಿನಕ್ಕೆ ಕಲಿತ.

ಬಂದ ಎಂಟನೇ ದಿನ ಭಾನುವಾರ. ಹೊಸಬರು ಬಂದ ಸಂತೋಷಕ್ಕೆ ಮೂರೂ ಮನೆಯವರು ಗೌಡನ ಪಡಸಾಲೆಯಲ್ಲಿ ಸೇರಿದರು. ಸೊಲ್ಲಾಪುರದ ಮಾಸ್ತರ, ಅವನ ಹೆಂಡತಿ. ಬೀದರದ ಮಾಸ್ತರ, ಅವನ ಹೆಂಡತಿ, ಇಬ್ಬರು ಮಕ್ಕಳು. ಎಲ್ಲರಿಗೂ ಕನ್ನಡ ಬರುತ್ತಿತ್ತು. ಸಾಬವ್ವ ಬೆಳಗಿನಿಂದ ಅರವತ್ತು ರೊಟ್ಟಿ ಬಡಿದಿದ್ದಳು. ಅರ್ಧ ಮಂದಿಯ ಊಟ ಮುಗಿದಿತ್ತು. ಕಡೆಯ ರೊಟ್ಟಿ ಹಂಚಿನ ಮೇಲಿತ್ತು.

ಪಡಸಾಲೆಯಲ್ಲಿ ಚಂದಾಳ ಸುದ್ದಿ ಬಂತು. ಇಲ್ಲಿಯ ಆಳುಗಳಿಗೆ ಮಡಿ ಮೈಲಿಗೆ ತಿಳಿಯುವುದಿಲ್ಲ ಎಂದಳು ಸೊಲ್ಲಾಪುರದವಳು.

"ನಮ್ಮೂರಾಗೂ ತಿಳೀದವರು ಇದ್ರು ಬಿಡ್ರಿ," ಅಂದಳು ಹೀರಾಬಾಯಿ. ಅವಳ ದನಿಯಲ್ಲಿ ಆಗಲೇ ನಗುವಿತ್ತು. "ಎಪ್ಪತ್ತೆರಡ್ರ ಬರಗಾಲದಾಗ ನಮ್ಮ ತವರೂರಾಗ ರಸ್ತಾಕ ಕಲ್ಲಿನ ಖಡಿ ಒಡಿಯೂ ಕಾಮಗಾರಿ ನಡದಿತ್ತು. ನಮ್ಮಪ್ಪನೇ ಮುಕಾದಮ. ಹೊಲಗೇರಿಯಾಕಿ ಒಬ್ಬಾಕಿ ಬಸರಿ ಇದ್ಳು. ದಿನ ತುಂಬಿದಾಕಿ. ಅಕಿ ಏನು ಮಾಡಿದ್ಳು, ನೀರಡಿಕಿ ಅಂತ ನಮ್ಮ ಮಂದಿ ಕುಡಿಯೂ ಹರವ್ಯಾಗ ಕೈ ಹಾಕಿಬಿಟ್ಳು."

"ಆಮ್ಯಾಲ?" ಅಂದ ಬೀದರದವನು.

"ನಮ್ಮಪ್ಪ ಆ ಹರವಿ ಒಡದು, ಅದರ ಚೂರೆಲ್ಲ ಅಕಿ ಸೆರಗಿನ್ಯಾಗೇ ತುಂಬಿಸಿದ. ಊರ ಸುತ್ತ ಮೂರು ಸುತ್ತು ಹಾಕಿಸಿದ. ಆ ಹೊಟ್ಟಿ, ಆ ಸೆರಗು. ಬಾತುಕೋಳಿ ನಡದಂಗ ನಡೀತಿದ್ಳು. ಹಿಂದ ನಾವು ಹುಡುಗ್ರು ಡಬ್ಬಿ ಬಡ್ಕೊಂತ. ಏನು ಮಜಾ ಅಂತೀರಿ."

ಎಲ್ಲರೂ ನಕ್ಕರು. ದೌಲತರಾಯ ಸ್ವಲ್ಪ ಕಡಿಮೆ ನಕ್ಕ. ಅಂಬಾರಾಯ ಹಲ್ಲು ತೋರಿಸಿದ. ಆಮೇಲೆ ಒಂದು ಸಣ್ಣ ದನಿಯ ನಗು ಕೇಳಿತು. ಎರಡು ಜಡೆಯ ಸುಜಾತಾ ಚಪ್ಪಾಳೆ ತಟ್ಟಿ ನಗುತ್ತಿದ್ದಳು.

ಅಡುಗೆಮನೆಯಲ್ಲಿ ಸಾಬವ್ವನ ಕೈ ನಿಂತಿತು.

ಎಪ್ಪತ್ತೆರಡರಲ್ಲಿ ಅವಳಿಗೆ ಹದಿನಾಲ್ಕು ವರ್ಷ. ಚೌಡಾಪುರದ ರಸ್ತೆಗೆ ಅವಳೂ ಅವಳ ಅವ್ವ ಅಂಬುಬಾಯಿಯೂ ಖಡಿ ಒಡೆದಿದ್ದರು. ಅಲ್ಲಿ ಅವರಿಗೆ ನೀರು ಹಾಕುವವನು ಎತ್ತರದಲ್ಲಿ ನಿಂತು ಬೊಗಸೆಗೆ ಸುರಿಯುತ್ತಿದ್ದ. ಬೇಕೆಂದೇ ಜೋರಾಗಿ ಸುರಿಯುತ್ತಿದ್ದ. ಬೊಗಸೆಯಲ್ಲಿ ನಿಲ್ಲದೆ ನೀರು ಕೈಗುಂಟ ಇಳಿದು ಹೋಗುತ್ತಿತ್ತು. ಅವ್ವ ಮೊಣಕೈ ಎತ್ತಿ ಅಲ್ಲಿಂದ ತೊಟ್ಟಿಕ್ಕುವ ನೀರನ್ನು ನಾಲಿಗೆ ಚಾಚಿ ನೆಕ್ಕುತ್ತಿದ್ದಳು. ಆಗಲೂ ನಗುವವರು ಇದ್ದರು. ಆದರೆ ಸಾಬವ್ವ ಅವ್ವನನ್ನು ನೋಡಿ ನಕ್ಕಿರಲಿಲ್ಲ. ಈಗ ಅವ್ವನ ಮೊಮ್ಮಗಳು ನಕ್ಕಳು.

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಸಾಬವ್ವ ಅದನ್ನು ತೆಗೆಯಲಿಲ್ಲ. ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದು ನಿಂತಳು.

"ಅಕ್ಕಾರ, ಅಕಿ ಹಡದ್ಳಾ?"

"ಯಾರು?"

"ಆ ಬಸರಿ. ಹಡದ್ಳಾ? ಕೂಸು ಉಳೀತಾ?"

ಹೀರಾಬಾಯಿ ಕಣ್ಣು ಪಿಳುಕಿಸಿದಳು. "ಯಾರಿಗಿ ಗೊತ್ತು ಬೇ."

"ಅಕಿ ಹೆಸ್ರೇನು?"

"ಹೊಲೇರ ಹೆಸ್ರು ಯಾರು ನೆಪ್ಪಿಡ್ತಾರ? ನೀ ಒಳಗ ನಡಿ, ರೊಟ್ಟಿ ಸೀಯಾಕತ್ತೈತಿ."

"ಶಾರದಾ," ಅಂದ ಅಂಬಾರಾಯ. ಅದು ಕರೆಯುವ ದನಿಯಲ್ಲ, ಬೇಡುವ ದನಿ.

ಸಾಬವ್ವ ಅವನತ್ತ ನೋಡಲಿಲ್ಲ.

"ನನ್ನ ಹೆಸ್ರು ನೆಪ್ಪಿಡ್ರಿ ಅಕ್ಕಾರ. ನಾ ಶಾರದಾಬಾಯಿ ಅಲ್ಲ. ನನ್ನ ಹೆಸ್ರು ಸಾಬವ್ವ. ಚೌಡಾಪುರ ಕಡೀ ಹೊಲಗೇರಿ ಅಂಬುಬಾಯಿ ಮಗಳು. ನಮ್ಮವ್ವನೂ ಅದೇ ಬರಗಾಲದಾಗ ಖಡಿ ಒಡದಾಳ. ನೀವು ಯಾರ ಹಿಂದ ಡಬ್ಬಿ ಬಡಿದ್ರೋ ಅಕಿ ನಮ್ಮಾಕಿ."

ಸಾಬವ್ವ ಕೊರಳ ಹಿಂದೆ ಕೈ ಹಾಕಿದಳು. ಹಿಟ್ಟಿನ ಬೆರಳಿಗೆ ಗಂಟು ಸಿಗಲಿಲ್ಲ. ತಡವರಿಸಿದಳು. ದಾರ ಹರಿಯಲಿಲ್ಲ, ನಿಧಾನವಾಗಿ ಬಿಚ್ಚಿದಳು. ಕರಡಿಗೆಯನ್ನು ಸೆರಗಿನಲ್ಲಿ ಒರೆಸಿ ಬಸವಣ್ಣನ ಪಟದ ಕೆಳಗೆ ಇಟ್ಟಳು.

"ದೇವ್ರಿಗಿ ಅಪಮಾನ ಮಾಡಿಲ್ಲ ನಾ. ನಿಮ್ಮದು ನಿಮಗ."

ಸೊಲ್ಲಾಪುರದವಳು ಎದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಗಂಟಲಿಗೆ ಬೆರಳು ಹಾಕಿಕೊಂಡು ವಾಕರಿಸುವ ಸದ್ದು ಪಡಸಾಲೆಯ ತನಕ ಬಂತು. ಸಾಬವ್ವ ಹಿತ್ತಲ ಬಾಗಿಲಿಗೆ ಹೋಗಿ ನಿಂತಳು.

"ಇವತ್ತಿಂದು ಹೋಗ್ತದ್ರಿ ಬಾಯಾರ. ನಾಕು ದಿನದಿಂದ ತಿಂದದ್ದು ರಗತ ಆಗ್ಯಾದ. ಅದನ್ನ ಹ್ಯಾಂಗ ಕಕ್ಕತೀರಿ?"

ಹೀರಾಬಾಯಿ ತನ್ನ ಎರಡೂ ಕೈ ನೋಡಿಕೊಳ್ಳುತ್ತಿದ್ದಳು. ಆ ಕೈಯಿಂದ ದಾರ ಕಟ್ಟಿದ್ದಳು, ಎಣ್ಣೆ ಹಚ್ಚಿದ್ದಳು. "ನಮ್ಮತ್ತಿ ಲಿಂಗ," ಅಂದಳು. ಅಷ್ಟೇ ಅಂದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಅಸಹ್ಯ ಹೆಚ್ಚಿತ್ತು. ಎಂಟು ದಿನದ ಹಿಂದೆ ಅತ್ತ ಕಣ್ಣು ಅವೇ.

ದೌಲತರಾಯ ದನಿ ಏರಿಸಲಿಲ್ಲ. ಓದಿದವನು.

"ಮಾಸ್ತರ್ರ, ಸುಳ್ಳು ಹೇಳಬಾರ್ದಿತ್ತು ನೀವು. ಖರೇ ಹೇಳಿದ್ರ ನಾವೇನು ಬ್ಯಾಡ ಅಂತಿದ್ವೇನು? ನಾವು ಬಸವಣ್ಣನ ಮಂದಿ. ನಮಗ ಸುಳ್ಳಿನ ಬಗ್ಗೆ ಬ್ಯಾಸರ ಅದ, ಜಾತಿ ಬಗ್ಗೆ ಅಲ್ಲ."

ಅಫಜಲಪುರದ ಹನ್ನೊಂದು ಬಾಗಿಲುಗಳ ಸುದ್ದಿ ಅಂಬಾರಾಯ ಈಗ ಹೇಳುತ್ತಾನೆಂದು ಸಾಬವ್ವ ಕಾದಳು. ಅವನು ಹೇಳಲಿ ಎಂದೇ ಅವನ ಕಡೆ ತಿರುಗಿ ನಿಂತಳು. ಅಂಬಾರಾಯ ಸೋಫಾದಿಂದ ಎದ್ದ. ಎದ್ದು, ಬಾಗಿ, ಎರಡೂ ಕೈ ಮುಗಿದ.

"ತಪ್ಪಾತ್ರಿ ಗೌಡ್ರ."

ಆ ದಿನ ಸಾಬವ್ವನಿಗೆ ಆದ ಅಪಮಾನಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಬಿಸಿಲಿರುವಾಗಲೇ ಅವರು ಬಾಗಿಲಿಲ್ಲದ ಮನೆಗೆ ಹೋದರು. ಟ್ರಂಕನ್ನು ಹೊಸ್ತಿಲಿಗೆ ಅಡ್ಡ ಇಟ್ಟರು. ಅದೇ ಬಾಗಿಲು. ತಗಡು ಹಾರಿದ ಕಡೆಯಿಂದ ಚಳಿ ನೇರ ನೆಲಕ್ಕೆ ಇಳಿಯುತ್ತಿತ್ತು. ಅಂಬಾರಾಯ ಗೋಡೆಗೆ ಮುಖ ಮಾಡಿ ಮಲಗಿದ.

ಸುಜಾತಾ ಅವ್ವನ ಹತ್ತಿರ ಬಂದು ಕೂತಳು. "ಎಲ್ಲಾರೂ ನಕ್ರು. ಅದಕ ನಾನೂ ನಕ್ಕೆ."

ಸಾಬವ್ವ ಬೈಯಲಿಲ್ಲ. ಹುಡುಗಿಯ ಎರಡೂ ಕೈ ಸೇರಿಸಿ ಬೊಗಸೆ ಮಾಡಿದಳು. ಚೆಂಬಿನಿಂದ ಅದರಲ್ಲಿ ಜೋರಾಗಿ ನೀರು ಸುರಿದಳು. ನೀರು ಮೊಣಕೈಗೆ ಇಳಿಯಿತು. "ಈಗ ಕುಡಿ," ಅಂದಳು. ಹುಡುಗಿಗೆ ಆಗಲಿಲ್ಲ. ಆಮೇಲೆ ತನ್ನ ಅವ್ವ ಅಂಬುಬಾಯಿಯ ಕಥೆ ಹೇಳಿದಳು. ಪೂರಾ ಹೇಳಿದಳು. ಸುಜಾತಾ ತೋಯ್ದ ತೋಳು ಹಿಡಿದುಕೊಂಡು ಕೇಳಿದಳು. ಗೋಡೆಗೆ ಮುಖ ಮಾಡಿ ಮಲಗಿದವನೂ ಕೇಳಿಸಿಕೊಂಡ. ಅವನ ಉಸಿರು ನಿದ್ದೆಯ ಉಸಿರಾಗಿರಲಿಲ್ಲ.

ನಾಲ್ಕೂ ಮನೆಗೆ ಒಂದೇ ನಳ. ಅದು ಗೌಡನ ಹಿತ್ತಲಲ್ಲಿತ್ತು. ಸೋಮವಾರ ಬೆಳಗ್ಗೆ ಹಿತ್ತಲ ಗೇಟಿಗೆ ಬೀಗ ಬಿತ್ತು. ಸಾಬವ್ವ ಖಾಲಿ ಕೊಡ ಹಿಡಿದು ನಿಂತಿದ್ದನ್ನು ಕೆಲಸಕ್ಕೆ ಬಂದ ಚಂದಾ ಕಂಡಳು. ಬೀಗ ನೋಡಿದಳು, ಕೊಡ ನೋಡಿದಳು. ಏನೋ ಕೇಳಿದಳು. ಸಾಬವ್ವನಿಗೆ ತಿಳಿಯಲಿಲ್ಲ, ತಿಳಿದಿದ್ದರೂ ಆ ಭಾಷೆಯಲ್ಲಿ ಏನೆಂದು ಹೇಳುವುದು? ಚಂದಾ ಹೀರಾಬಾಯಿಯ ಕಿಟಕಿಯ ಕಡೆ ಒಮ್ಮೆ ನೋಡಿ, ಸಾಬವ್ವನ ರಟ್ಟೆ ಹಿಡಿದು ನಡೆದಳು. ಮುಕ್ಕಾಲು ಮೈಲಿಯ ಮೇಲೆ ಒಂದು ಹಳ್ಳ. ತಿಳಿನೀರು. ಅಲ್ಲಿ ಹತ್ತಾರು ಹೆಂಗಸರು ಬಕೀಟು ತುಂಬುತ್ತಿದ್ದರು. ಸಾಬವ್ವ ಸೆರಗು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟು, ಕೊಡವನ್ನು ಒಂದೇ ಎತ್ತಿಗೆ ಏರಿಸಿ, ಕೈ ಬಿಟ್ಟು ನಡೆದಾಗ ಅವರು ಓ ಎಂದು ನಕ್ಕರು. ಆ ನಗುವಿನಲ್ಲಿ ವಿಷವಿರಲಿಲ್ಲ. ಯಾರೂ ಅವಳನ್ನು ಕಡೆಗೆ ನಿಲ್ಲಿಸಲಿಲ್ಲ. ಯಾರೂ ಏನೂ ಕೇಳಲಿಲ್ಲ.

ಅಂದು ತಡವಾಗಿ ಬಂದಳೆಂದು ಚಂದಾಳಿಗೆ ಅರ್ಧ ದಿನದ ಕೂಲಿ ಮುರಿದರು.

ಎರಡು ದಿನ ಅಂಬಾರಾಯ ಹೆಂಡತಿಯ ಜೊತೆ ಮಾತಾಡಲಿಲ್ಲ. ಶಾಲೆಗೆ ಹೋದ, ಬಂದ. ಮೂರನೇ ದಿನ ಸಂಜೆ ದೌಲತರಾಯ ಬಂದು ಟ್ರಂಕಿನ ಆಚೆ ನಿಂತ. ಒಳಗೆ ಬರಲಿಲ್ಲ.

"ಹೆಡ್ ಮಾಸ್ತರ ಇವತ್ತು ಕೇಳಿದ," ಅಂದ. "ಹೊಸ ಮಾಸ್ತರನ ಹೆಂಡ್ತಿ ಹಳ್ಳದ ನೀರು ಹೊರಾಕತ್ತಾಳ, ಬಾಗಿಲಿಲ್ಲದ ಮನ್ಯಾಗ ಯಾಕ ಇದ್ದಾರ ಅಂತ. ಈ ಮಂದಿ ಮುಂದ ನಮ್ಮ ಮಾನ ಹೋಗೂದು ಬ್ಯಾಡ ಮಾಸ್ತರ್ರ. ನಮ್ಮ ಮನಿ ಮಾತು ನಮ್ಮಾಗೇ ಇರಲಿ. ನೀವಾಗೇ ಹೋಗೀರಿ ಅಂತ ಹೇಳಿಬಿಡ್ರಿ. ನಾ ಗೇಟು ತಗಸ್ತೇನಿ, ನೀರು ತಗೊಂಡು ಹೋಗ್ರಿ."

"ಯಾವ ಹೊತ್ತಿಗಿ ಬರಬೇಕ್ರಿ?" ಅಂದ ಅಂಬಾರಾಯ.

"ಮೂರೂ ಮನೀದು ಮುಗದ ಮ್ಯಾಲ. ಹತ್ತರ ಸುಮಾರ್ಕ."

ಸಾಬವ್ವ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ. ಗಂಡ ಹೂಂ ಅನ್ನುತ್ತಾನೆಂದೇ ಅವಳು ತಿಳಿದಿದ್ದಳು.

"ಒಂದು ಮಾತು ಕೇಳ್ತೇನಿ ಗೌಡ್ರ," ಅಂದ ಅಂಬಾರಾಯ. "ಎಂಟು ದಿನ ನಾವು ಆ ನಳ ಮುಟ್ಟೀವಿ. ತೊಳಸಿದ್ರೇನು?"

ಗೌಡ ಮೀಸೆ ಸವರಿಕೊಂಡ. "ಹೆಣ್ಣುಮಕ್ಳು ಕೇಳಬೇಕಲ್ರಿ. ತೊಳಸ್ಯಾರ."

"ಯಾರ ಕೈಲೆ?"

"ಚಂದಾನ ಕೈಲೆ."

ಅಂಬಾರಾಯ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಬಿಟ್ಟು ನಕ್ಕ. ಹೊಟ್ಟೆ ಹಿಡಿದುಕೊಂಡು ಟ್ರಂಕಿನ ಮೇಲೆ ಕೂತ. "ಅಕಿ ಡಬ್ಬಿ ಗೋಡಿ ಮ್ಯಾಲ. ನಾವು ಮುಟ್ಟಿದ ನಳ ಅಕಿ ತೊಳದು ಮಡಿ ಮಾಡಬೇಕು. ಗೌಡ್ರ, ಇಷ್ಟು ಲೆಕ್ಕಾ ನನಗೂ ಬರಂಗಿಲ್ಲ. ನಾ ಗಣಿತದ ಮಾಸ್ತರ." ನಗು ಒಮ್ಮೆಲೇ ನಿಂತಿತು. ಕಣ್ಣು ಒರೆಸಿಕೊಂಡ. "ನಿಮ್ಮ ನಳ ನಮಗ ಬ್ಯಾಡ. ಹೆಡ್ ಮಾಸ್ತರ ನಾಳೆ ಕೇಳಿದ್ರ ನಾ ಸುಳ್ಳು ಹೇಳಂಗಿಲ್ಲ. ಸುಳ್ಳು ಹೇಳಬಾರ್ದು ಅಂತ ನೀವೇ ಹೇಳೀರಿ. ಹೋಗಿ ಬರ್ರಿ."

"ಮೂರು ವರ್ಷ ಇಲ್ಲೇ ಇರಬೇಕು ನೀವು. ಬರೇ ನಾವೇ ಅದೇವಿ ಇಲ್ಲಿ ನಿಮಗ."

"ಅದೇ ಅಂಜಿಕಿ ಇತ್ರಿ ಇಷ್ಟು ದಿನ," ಅಂದ ಅಂಬಾರಾಯ.

ಮರುದಿನ ಅವನು ಹೆಡ್ ಮಾಸ್ತರನ ಕೋಣೆಯಲ್ಲಿ ಒಂದು ತಾಸು ಕೂತ. ತನ್ನ ಬಾಯಿಂದ, ಇಂಗ್ಲಿಷಿನಲ್ಲಿ, ತಾನು ಯಾರೆಂದು ಹೇಳಿದ. ಹೇಳಲು ಅರ್ಧ ತಾಸು ಹಿಡಿಯಿತಂತೆ. ಮನೆಗೆ ಬಂದು ಸಾಬವ್ವನಿಗೆ ಹೇಳಿದ:

"ಆತ ಪೂರಾ ಕೇಳಿದ. 'ಬಿಳೇರ ಕಾಲದಾಗ ನಮಗ ಅಂಗಡಿ ಒಳಗ ಬಿಡ್ತಿರಲಿಲ್ಲ, ಹಿಂದಿನ ಕಿಡಕಿಯಿಂದ ಸಾಮಾನು ಕೊಡ್ತಿದ್ರು. ಅವ್ರಿಗಿ ನಮ್ಮ ತೊಗಲು ಕಾಣ್ತಿತ್ತು. ಇವ್ರಿಗಿ ನಿಮ್ಮದೇನು ಕಾಣ್ತದ?' ಅಂದ. ಏನೂ ಕಾಣಂಗಿಲ್ಲ, ಅದಕ್ಕ ಕೇಳ್ತಾರ ಅಂದೆ."

"ಏನು ಮಾಡ್ತಾನಂತ?"

"ಬಾಗಿಲು ಈ ವಾರ. ನಮ್ಮ ಮನಿಗಿ ಬ್ಯಾರೆ ಪೈಪು ಸರಕಾರಕ್ಕ ಬರದು ತರಿಸಬೇಕಂತ. ಅವ್ರಿಗಿ ನಮ್ಮ ಜೋಡಿ ಮಾತಾಡಾಕ ಹಚ್ಚೂದು ಅವನ ಕೈಯಾಗ ಇಲ್ಲಂತ."

ಪೈಪು ಬಂದದ್ದು ನಾಲ್ಕು ತಿಂಗಳ ಮೇಲೆ. ಮಾತು ಮೂರು ವರ್ಷವೂ ಬರಲಿಲ್ಲ. ಸೊಲ್ಲಾಪುರದವಳು ಎದುರಿಗೆ ಬಂದರೆ ರಸ್ತೆ ದಾಟುತ್ತಿದ್ದಳು. ಸುಜಾತಾಳ ಜೊತೆ ಬೀದರದ ಮಕ್ಕಳು ಆಡಲಿಲ್ಲ. ಅವಳು ಚಂದಾಳ ಓಣಿಯ ಮಕ್ಕಳ ಜೊತೆ ಆಡಿ, ಅವರ ಮಾತು ಕಲಿತಳು. ಚಂದಾ ಮಾತ್ರ ಹೀರಾಬಾಯಿಯ ಮನೆಯಲ್ಲೇ ದುಡಿಯುತ್ತಿದ್ದಳು. ಬೇರೆ ಕೆಲಸ ಇರಲಿಲ್ಲ.

ಹೆಡ್ ಮಾಸ್ತರನನ್ನು ಕಂಡು ಬಂದ ಮರುದಿನ ಬೆಳಗ್ಗೆ ಸಾಬವ್ವ ಕೊಡ ಎತ್ತಿಕೊಂಡಾಗ ಅಂಬಾರಾಯನೂ ಎದ್ದು ಒಂದು ಎಣ್ಣೆ ಡಬ್ಬಿ ಹಿಡಿದು ಹಿಂದೆ ಬಂದ. ಅವನು ಹುಟ್ಟಿದಾಗಿನಿಂದ ನೀರು ಹೊತ್ತವನಲ್ಲ. ಅವ್ವ ಹೊತ್ತಿದ್ದಳು, ಅಕ್ಕ ಹೊತ್ತಿದ್ದಳು, ಹಾಸ್ಟೆಲಿಗೆ ಹೋದ ಮೇಲೆ ನಳವಿತ್ತು, ಆಮೇಲೆ ಸಾಬವ್ವ ಹೊತ್ತಳು. ಹಳ್ಳದ ಹೆಂಗಸರು ಗಂಡಸು ನೀರಿಗೆ ಬಂದದ್ದನ್ನು ಬೆರಳು ಮಾಡಿ ತೋರಿಸಿ ನಕ್ಕರು. ಅವನು ಡಬ್ಬಿ ತುಂಬಿ ಹೆಗಲಿಗೇರಿಸಿದ. ಹತ್ತು ಹೆಜ್ಜೆಗೆ ಕಾಲು ಜಾರಿತು. ಅರ್ಧ ನೀರು ಶಾಲೆಗೆ ಹಾಕಿಕೊಂಡು ಹೋಗುವ ಪ್ಯಾಂಟಿನ ಮೇಲೆ ಚೆಲ್ಲಿತು.

ಸಾಬವ್ವ ತುಂಬಿದ ಕೊಡ ಹೊತ್ತು ನಿಂತಿದ್ದಳು. ಕೈ ಕೊಡಲಿಲ್ಲ.

"ಅವತ್ತು ಅವ್ರಿಗಿ ಕೈ ಮುಗದ್ರಲ್ಲ," ಅಂದಳು. "ಅದನ್ನ ನಾ ಮರಿಯಂಗಿಲ್ಲ."

"ಮರೀಬ್ಯಾಡ," ಅಂದ ಅಂಬಾರಾಯ. ಡಬ್ಬಿಯಲ್ಲಿ ಉಳಿದ ನೀರನ್ನೂ ಚೆಲ್ಲಿ, ಮತ್ತೆ ತುಂಬಲು ಹಳ್ಳಕ್ಕೆ ಇಳಿದ.